ರೈಲು ತಂದ ನಾನಾ ಶಂಕರಶೇಟ್

ಮಹಾಪುರುಷರ ಜೀವನ ಚರಿತ್ರೆ ಅಂದ ಕೂಡಲೇ ನಮ್ಮವರಿಗೆ ವಿಶ್ವೇಶ್ವರಯ್ಯನವರ ಪೇಟ ಕಣ್ಣಮುಂದೆ ಬರುತ್ತದೆ. ಅದು ಸಹಜವೇ. ಆದರೆ ಮುಂಬಯಿಯ ಕನ್ನಡಿಗರಾದ ನಾವು ದಿನಾ ಬೆಳಗಾದರೆ ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ಫೋರ್ಟಿಗೆ ಹೋಗುತ್ತೇವಲ್ಲ, ಈ ಊರಿಗೆ ರೈಲು ಬರಲಿ ಎಂದು ಮೊದಲು ಓಡಾಡಿದವರು ಯಾರು ಅಂತ ಕೇಳಿದರೆ ಎಷ್ಟು ಮಂದಿ ಉತ್ತರ ಹೇಳುತ್ತೇವೆ? ಗ್ರಾಂಟ್ ರೋಡ್ ಸ್ಟೇಶನ್ನಿನ ಪಶ್ಚಿಮಕ್ಕೆ ಇಳಿದರೆ ನಾನಾ ಚೌಕ ಸಿಗುತ್ತದೆ. ಗಿರಗಾಂವ್ ರಸ್ತೆಯ ಹೆಸರು ಜಗನ್ನಾಥ ಶಂಕರಶೇಟ್ ಮಾರ್ಗ. ಬೋರ್ಡು ಓದುತ್ತೇವೆ, ಮುಂದೆ ಹೋಗುತ್ತೇವೆ. ಆ ನಾನಾ ಯಾರು ಎಂಬುದೇ ಈ ಲೇಖನದ ವಿಷಯ.

ನಾನು ಬಿ.ಕಾಂ. ಓದುವವನು. ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವನು. ಇತಿಹಾಸ ನನ್ನ ವಿಷಯವಲ್ಲ. ಆದ್ದರಿಂದ ಜಮಾ-ಖರ್ಚು ನೋಡುವ ಕಣ್ಣಿನಿಂದಲೇ ಈ ಜೀವನವನ್ನು ನೋಡಿದ್ದೇನೆ. ಬಲ್ಲವರು ಅನುಸರಿಸಿಕೊಂಡು ಓದಬೇಕು.

ಜಗನ್ನಾಥ ಶಂಕರಶೇಟ್ ಹುಟ್ಟಿದ್ದು 1803ರ ಫೆಬ್ರವರಿ 10ರಂದು, ಠಾಣೆ ಜಿಲ್ಲೆಯ ಮುರಬಾಡಿನಲ್ಲಿ. ದೈವಜ್ಞ ಮನೆತನ. ನಮ್ಮ ಕಾರವಾರ, ಕುಮಟೆ ಕಡೆಯ ದೈವಜ್ಞರಿಗೂ ದೂರದ ಬಳಗದವರೇ ಅನ್ನಬಹುದು. ತಂದೆ ಮುಂಬಯಿಯ ದೊಡ್ಡ ವ್ಯಾಪಾರಿ. ಆ ತಂದೆ 1822ರಲ್ಲಿ ತೀರಿಕೊಂಡಾಗ ಮಗನಿಗೆ ಇಪ್ಪತ್ತು ತುಂಬಿರಲಿಲ್ಲ. ಅಂದರೆ ನಮ್ಮ ಎಸ್.ವೈ., ಟಿ.ವೈ. ಹುಡುಗರ ವಯಸ್ಸು. ಆ ವಯಸ್ಸಿನಲ್ಲಿ ಇಡೀ ವ್ಯವಹಾರ ತಲೆಯ ಮೇಲೆ ಬಿತ್ತು. ಕೈಗೆ ಬಂದ ಹಣವನ್ನು ಹಾಳು ಮಾಡಿದ ಶೇಟರ ಮಕ್ಕಳ ಕತೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಇವರು ಹಾಗೆ ಮಾಡಲಿಲ್ಲ. ವ್ಯವಹಾರವನ್ನು ಬೆಳೆಸಿದರು. ಅರಬರು, ಅಫಘಾನರು ಮೊದಲಾದ ಪರದೇಶದ ವರ್ತಕರು ತಮ್ಮ ಹಣ, ಒಡವೆಗಳನ್ನು ಬ್ಯಾಂಕಿನಲ್ಲಿಡುವ ಬದಲು ಇವರ ವಶಕ್ಕೆ ಒಪ್ಪಿಸಿ ಹೋಗುತ್ತಿದ್ದರಂತೆ. ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂಬ ಪಾಠ ಬರುತ್ತದಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಜನ ಪ್ರೀತಿಯಿಂದ ಇವರನ್ನು ನಾನಾ ಎಂದು ಕರೆದರು. ನಾನೂ ಹಾಗೆಯೇ ಕರೆಯುತ್ತೇನೆ.

ಆಗಿನ ಮುಂಬಯಿಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ದಕ್ಷಿಣದ ತುದಿಯಲ್ಲಿ ಗೋಡೆ ಕಟ್ಟಿದ ಕೋಟೆ. ಅದರ ಹೊರಗೆ ಗಿಜಿಗುಟ್ಟುವ ಪೇಟೆ, ಗಿರಗಾಂವ್, ಭುಲೇಶ್ವರ. ಮಾಹೀಮ್ ಖಾಡಿಯ ಆಚೆಗೆ ಸಾಷ್ಟಿ ಎಂಬ ಬೇರೆಯೇ ದ್ವೀಪ. ಮಾಹೀಮಿನಿಂದ ಬಾಂದ್ರಾಕ್ಕೆ ಕಟ್ಟೆ ಬಿದ್ದದ್ದೇ 1845ರಲ್ಲಿ. ಅಲ್ಲಿಯವರೆಗೆ ದೋಣಿಯೇ ಗತಿ. ನಮ್ಮ ಮಲಾಡ್ ಆ ಸಾಷ್ಟಿಯ ಒಂದು ಹಳ್ಳಿ. ಮುಂದೆ ಮುಂಬಯಿಗೆ ಒಳ್ಳೆಯ ಹಳದಿ ಕಲ್ಲು ಒದಗಿಸಿ ಹೆಸರು ಮಾಡಿತು. ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿಗೂ ಮಲಾಡ್ ಕಲ್ಲು ಹೋಗಿದೆ. ಆದರೆ ನಾನಾ ಹುಡುಗರಾಗಿದ್ದಾಗ ಮಲಾಡಿನವನೊಬ್ಬ ದಿನಾ ಕೋಟೆಗೆ ಕೆಲಸಕ್ಕೆ ಹೋಗಿ ರಾತ್ರಿ ಮನೆಗೆ ಬಂದು ಮಲಗುವುದು ಯಾರ ಕನಸಿನಲ್ಲೂ ಇರಲಿಲ್ಲ.

ನಾನಾ ಮೊದಲು ಕೈಹಾಕಿದ್ದು ವಿದ್ಯೆಗೆ. 1820ರ ದಶಕದಲ್ಲಿ ಹುಟ್ಟಿದ ನೇಟಿವ್ ಎಜುಕೇಶನ್ ಸೊಸೈಟಿಯಲ್ಲಿ ದುಡಿದರು. ಎಲ್ಫಿನ್‌ಸ್ಟನ್ ಸಂಸ್ಥೆ ನೆಲೆಯೂರುವುದರಲ್ಲೂ ಅವರ ಪಾಲಿದೆ. 1840ರಲ್ಲಿ ಸರಕಾರ ಶಿಕ್ಷಣ ಮಂಡಳಿ ಮಾಡಿದಾಗ ಅದರಲ್ಲಿದ್ದ ನಮ್ಮ ದೇಶದ ಸದಸ್ಯರಲ್ಲಿ ಇವರೂ ಒಬ್ಬರು. ಮಂಡಳಿಯ ಅಧ್ಯಕ್ಷರಾಗಿದ್ದ ಅರ್ಸ್ಕಿನ್ ಪೆರಿ ಸಾಹೇಬರಿಗೆ ಇಂಗ್ಲಿಷ್ ಮಾಧ್ಯಮದ ಮೇಲೆ ಒಲವು. ನಾನಾ ಅವರಿಗೆ ಎದುರು ನಿಂತು, ಜನಸಾಮಾನ್ಯರ ಮಕ್ಕಳಿಗೆ ಅವರವರ ದೇಶಭಾಷೆಯಲ್ಲೇ ಕಲಿಸಬೇಕು ಎಂದು ವಾದಿಸಿದರು. ಸ್ವತಃ ಇಂಗ್ಲಿಷ್ ಬಲ್ಲವರು, ಸಾಹೇಬರೊಡನೆ ಕುರ್ಚಿ ಹಾಕಿ ಕೂರುವವರು ಹೀಗೆ ಹೇಳಿದ್ದು ಸಣ್ಣ ಮಾತಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಕಾಲೇಜಿನ ಮೊದಲ ವರ್ಷ ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂತ ನಮ್ಮಂಥವರಿಗೆ ಇದರ ಬೆಲೆ ಗೊತ್ತು. 1849ರಲ್ಲಿ ಎಲ್ಫಿನ್‌ಸ್ಟನ್ನಿನ ವಿದ್ಯಾರ್ಥಿಗಳ ಸಂಘ ಹೆಣ್ಣುಮಕ್ಕಳಿಗೆ ಶಾಲೆ ತೆರೆಯಲು ಹೊರಟಾಗ ನಾನಾ ತಮ್ಮ ಗಿರಗಾಂವ್ ವಾಡೆಯಲ್ಲೇ ಜಾಗ ಕೊಟ್ಟರು. ಹೆಣ್ಣುಮಕ್ಕಳು ಬೀದಿ ದಾಟಿ ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲವದು. ಶಾಲೆಯೇ ನೆರೆಮನೆಗೆ ಬಂತು. ಅದಕ್ಕೂ ಹಿಂದೆ, 1829ರಲ್ಲಿ ಸತಿ ಪದ್ಧತಿಯನ್ನು ನಿಷೇಧಿಸಿದಾಗ ತಮ್ಮವರ ಸಿಟ್ಟನ್ನು ಲೆಕ್ಕಿಸದೆ ಬೆಂಬಲಿಸಿದವರು ಇವರು.

ಈಗ ರೈಲಿನ ಮಾತಿಗೆ ಬರೋಣ. ಇಂಗ್ಲೆಂಡಿನಲ್ಲಿ ರೈಲು ಓಡಿದ ಸುದ್ದಿ ಮುಂಬಯಿಗೂ ಬಂದಿತ್ತು. ಸರಕಾರದ ಮುಖ್ಯ ಎಂಜಿನಿಯರ್ ಜಾರ್ಜ್ ಕ್ಲಾರ್ಕ್ 1843ರಲ್ಲಿ ಭಾಂಡುಪ್ ಕಡೆ ಹೋಗಿದ್ದಾಗ ಮುಂಬಯಿಯಿಂದ ಕುರ್ಲಾ, ಠಾಣೆ, ಕಲ್ಯಾಣದ ಮೂಲಕ ಘಟ್ಟದವರೆಗೆ ಹಳಿ ಹಾಕಬಹುದಲ್ಲ ಎಂದು ಯೋಚಿಸಿದರಂತೆ. ಯೋಚನೆಗೆ ಕಾಸು ಬೇಕಲ್ಲ? 1845ರಲ್ಲಿ ನಾನಾ ಮತ್ತು ಜಮ್‌ಶೇಟ್‌ಜಿ ಜೀಜಿಭಾಯಿ ಸೇರಿ ಇಂಡಿಯನ್ ರೈಲ್ವೆ ಅಸೋಸಿಯೇಶನ್ ಕಟ್ಟಿದರು. ಅದು ಮುಂದೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಲ್ಲಿ, ಅಂದರೆ ಜಿ.ಐ.ಪಿ.ಯಲ್ಲಿ ಲೀನವಾಯಿತು. ಕಂಪನಿಯ ಹತ್ತು ಮಂದಿ ಡೈರೆಕ್ಟರುಗಳಲ್ಲಿ ನಮ್ಮ ದೇಶದವರು ಇವರಿಬ್ಬರೇ.

1849ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಆದ ಕರಾರನ್ನು ವಾಣಿಜ್ಯ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ರೈಲಿಗೆ ಬೇಕಾದ ಜಮೀನನ್ನು ಸರಕಾರ 99 ವರ್ಷಕ್ಕೆ ಪುಕ್ಕಟೆ ಕೊಡುವುದು. ಷೇರುದಾರರಿಗೆ ನೂರಕ್ಕೆ 5ರ ಬಡ್ಡಿಯ ಖಾತ್ರಿ. ಗಳಿಕೆ ಸಾಲದೆ ಬಂದರೆ ಸರಕಾರ ತುಂಬಿಕೊಡುವುದು, ಅಂದರೆ ಈ ದೇಶದ ರೈತರ ಕಂದಾಯದಿಂದ. ಹಾಗಾಗಿ ಸ್ಟೇಶನ್ನಿನ ಸುತ್ತ ಮನೆ ಬಂದೀತೋ, ಪೇಟೆ ಬಂದೀತೋ, ಜೌಗೇ ಉಳಿದೀತೋ, ಕಂಪನಿಗೆ ತಲೆ ಕೆಡಿಸಿಕೊಳ್ಳುವ ಕಾರಣವೇ ಇರಲಿಲ್ಲ. ಅವರ ಕಣ್ಣೆಲ್ಲ ಘಟ್ಟದ ಮೇಲಿನ ಹತ್ತಿಯ ಮೇಲೆ. ಹತ್ತಿ ಬಂದರಿಗೆ ಬಂದರೆ ಸಾಕು. ಹಳಿಯ ಲೆಕ್ಕ ಒಂದು ಪುಸ್ತಕದಲ್ಲಿ, ನೆಲದ ಲೆಕ್ಕ ಇನ್ನೊಂದು ಪುಸ್ತಕದಲ್ಲಿ. ಈ ಎರಡು ಪುಸ್ತಕಗಳು ಮುಂದೆ ಬಹಳ ಕಾಲ ಒಂದಾಗಲೇ ಇಲ್ಲ. ನನ್ನ ಮಟ್ಟಿಗೆ ಮುಂಬಯಿಯ ಕಷ್ಟದ ಮೂಲ ಇಲ್ಲಿದೆ.

1853ರ ಏಪ್ರಿಲ್ 16, ಮಧ್ಯಾಹ್ನ ಮೂರೂವರೆ. ಬೋರಿಬಂದರಿನಿಂದ 21 ತೋಪುಗಳ ಸದ್ದಿನೊಡನೆ ಗಾಡಿ ಹೊರಟಿತು. 14 ಡಬ್ಬಿ, 400 ಅತಿಥಿಗಳು. ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನುಗಳು. ಠಾಣೆಯವರೆಗೆ 34 ಕಿಲೋಮೀಟರು, ಸುಮಾರು ಒಂದು ಗಂಟೆಯ ದಾರಿ. ಡೈರೆಕ್ಟರಾಗಿ ನಾನಾ ಆ ಗಾಡಿಯಲ್ಲಿದ್ದರು. ತಾವು ಹುಟ್ಟಿದ ಜಿಲ್ಲೆಯ ಕಡೆಗೆ, ತಾವೇ ಬೇಡಿ ತರಿಸಿದ ಗಾಡಿಯಲ್ಲಿ ಹೋಗುವ ಭಾಗ್ಯ ಎಷ್ಟು ಜನರಿಗೆ ಸಿಕ್ಕೀತು?

ಸಾಮಾನ್ಯವಾಗಿ ಶಾಲೆಯ ಪುಸ್ತಕಗಳಲ್ಲಿ ನಾನಾ ಅವರ ಕತೆ ಈ ಗಾಡಿಯೊಂದಿಗೆ ಮುಗಿಯುತ್ತದೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಸೋನಾಪುರದ ವಿಷಯ. ಸೋನಾಪುರವೆಂದರೆ ಈಗಿನ ಮರೀನ್ ಲೈನ್ಸ್ ಸ್ಟೇಶನ್ನಿನ ಬದಿಯ ಹಿಂದೂ ಸ್ಮಶಾನ. ಊರು ಬೆಳೆಯಿತು, ಸ್ಮಶಾನ ಊರ ನಡುವೆ ಬಂತು, ಆದ್ದರಿಂದ ಅದನ್ನು ಶಿವಡಿಗೆ ಸಾಗಿಸಬೇಕು ಎಂದು ಸರಕಾರ ಹೊರಟಿತು. ನಕಾಶೆಯ ಮೇಲೆ ನೋಡಿದರೆ ಏನೂ ತಪ್ಪಿಲ್ಲ. ಆದರೆ ಗಿರಗಾಂವ್, ಭುಲೇಶ್ವರದ ಬಡವರು ಹೆಣವನ್ನು ಹೆಗಲ ಮೇಲೆ ಹೊತ್ತು ಶಿವಡಿಯವರೆಗೆ ನಡೆಯಬೇಕಲ್ಲ? ಮಳೆಗಾಲದಲ್ಲಿ? ಶ್ರೀಮಂತನಿಗೆ ಗಾಡಿ ಇದೆ, ಬಡವನಿಗೆ ನಾಲ್ಕು ಹೆಗಲೇ ಗಾಡಿ. ನಾನಾ ಜನರ ಪರವಾಗಿ ನಿಂತರು. ಸ್ಮಶಾನ ಸೋನಾಪುರದಲ್ಲೇ ಉಳಿಯಿತು.

ದೂರದ ಠಾಣೆಗೆ ರೈಲು ಬೇಕು ಎಂದವರೂ ಇವರೇ, ಹತ್ತಿರದ ಸ್ಮಶಾನ ದೂರ ಹೋಗಬಾರದು ಎಂದವರೂ ಇವರೇ. ಮೊದಲು ಓದಿದಾಗ ನನಗೆ ಇವೆರಡೂ ಬೇರೆ ಬೇರೆ ಸಂಗತಿ ಅನ್ನಿಸಿತ್ತು. ಆಮೇಲೆ ನೋಡಿದರೆ ಎರಡೂ ಒಂದೇ ಲೆಕ್ಕ. ಯಾವುದು ಎಲ್ಲಿರಬೇಕು, ಅಲ್ಲಿಗೆ ಸಾಮಾನ್ಯ ಮನುಷ್ಯ ಹೇಗೆ ಹೋಗಬೇಕು, ಈ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕು. ವಾಡೆಯಲ್ಲಿ ಶಾಲೆ ಇಟ್ಟದ್ದೂ ಇದೇ ಲೆಕ್ಕ. ನಗರ ಯೋಜನೆ ಎಂಬ ಮಾತು ಈ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ, ನಾನಾ ಯಾವ ನಕಾಶೆಯನ್ನೂ ಬರೆದವರಲ್ಲ. ಆದರೂ ಅದರ ತಿರುಳು ಅವರಿಗೆ ತಿಳಿದಿತ್ತು ಎಂದೇ ನನ್ನ ಅಭಿಪ್ರಾಯ.

ಉಳಿದ ಜೀವನವನ್ನು ಬೇಗ ಹೇಳಿಬಿಡುತ್ತೇನೆ. 1852ರ ಆಗಸ್ಟ್ 26ರಂದು ಬಾಂಬೆ ಅಸೋಸಿಯೇಶನ್ ಹುಟ್ಟಿತು. ಈ ಇಲಾಖೆಯ ಮೊದಲ ರಾಜಕೀಯ ಸಂಸ್ಥೆ. ನಾನಾ ಅದರ ಅಧ್ಯಕ್ಷರು. 1857ರ ದಂಗೆಯಲ್ಲಿ ಇವರ ಕೈವಾಡವಿದೆಯೆಂದು ಇಂಗ್ಲಿಷರು ಸಂಶಯಪಟ್ಟರು, ಪುರಾವೆ ಸಿಗಲಿಲ್ಲ. ಅದೇ ಸರಕಾರವೇ 1862ರಲ್ಲಿ ಇವರನ್ನು ಮುಂಬಯಿ ಶಾಸನ ಸಭೆಗೆ ನೇಮಿಸಿತು. ಭಾಯಖಳಾದ ರಾಣಿ ಬಾಗ್, ಅಲ್ಲಿಯ ಮ್ಯೂಸಿಯಮ್ಮುಗಳಿಗೆ ಶ್ರಮಪಟ್ಟರು. ಗ್ರಾಂಟ್ ರೋಡ್ ಕಡೆ ಜಮೀನು ದಾನ ಕೊಟ್ಟರು.

1864ರ ನವೆಂಬರಿನಲ್ಲಿ ಬಿ.ಬಿ.ಸಿ.ಐ. ಎಂಬ ಇನ್ನೊಂದು ಕಂಪನಿಯ ರೈಲು ಗುಜರಾತಿನ ಕಡೆಯಿಂದ ಗ್ರಾಂಟ್ ರೋಡಿಗೆ ಬಂದು ನಿಂತಿತು. ಅದೇ ನಮ್ಮ ಮಲಾಡಿನ ಲೈನು. ಆ ಹೊತ್ತಿಗೆ ಮುಂಬಯಿಗೆ ಷೇರಿನ ಹುಚ್ಚು ಹಿಡಿದಿತ್ತು. ಅಮೆರಿಕದ ಅಂತರ್ಯುದ್ಧದಿಂದ ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ. ಸಮುದ್ರ ತುಂಬಿಸುವ ಕಂಪನಿಗಳು ದಿನಕ್ಕೊಂದು. ಇನ್ನೂ ನೀರಿನಲ್ಲೇ ಇರುವ ನೆಲದ ಮೇಲೆ ಜನ ಹಣ ಸುರಿದರು. ಯುದ್ಧ ನಿಂತಿತು, 1865ರ ಜುಲೈ 1ಕ್ಕೆ ಲೆಕ್ಕ ಚುಕ್ತಾ ಮಾಡುವ ದಿನ ಬಂತು, ಊರಿಗೆ ಊರೇ ದಿವಾಳಿಯಾಯಿತು. ಅದೇ ತಿಂಗಳ 31ರಂದು ನಾನಾ ತೀರಿಕೊಂಡರು. 62 ವರ್ಷ ವಯಸ್ಸು. ಟೌನ್ ಹಾಲಿನಲ್ಲಿ, ಏಶಿಯಾಟಿಕ್ ಸೊಸೈಟಿಯ ಕಟ್ಟಡದಲ್ಲಿ, ಅವರ ಅಮೃತಶಿಲೆಯ ಪ್ರತಿಮೆ ಇದೆ. ಒಮ್ಮೆ ಹೋಗಿ ನೋಡಿ ಬನ್ನಿ.

ವಿರಾರಿನಿಂದ ಬ್ಯಾಕ್‌ಬೇವರೆಗೆ ಮೊದಲ ಲೋಕಲ್ ಓಡಿದ್ದು 1867ರ ಏಪ್ರಿಲ್ 12ರಂದು. ಆಗ ನಾನಾ ಇರಲಿಲ್ಲ. 1928ರ ಜನವರಿಯಲ್ಲಿ ಬೊರಿವಲಿವರೆಗೆ ವಿದ್ಯುತ್ ಗಾಡಿ ಬಂತು. ಹಳ್ಳಿಗಳೆಲ್ಲ ಹಳಿಗೆ ಅಂಟಿಕೊಂಡು ಊರಾದವು. ಮಲಾಡ್ ಬೃಹನ್ಮುಂಬಯಿಗೆ ಸೇರಿದ್ದು 1957ರಲ್ಲಿ. ರೈಲು ಬಂದು ತೊಂಬತ್ತು ವರ್ಷವಾದ ಮೇಲೆ! ಅಷ್ಟರಲ್ಲಿ ಯಾವ ನೆಲ ಯಾರಿಗೆ, ಯಾವುದಕ್ಕೆ ಎಂಬುದನ್ನು ಯಾರು ತೀರ್ಮಾನಿಸಿದರು? ಜಮೀನುದಾರರು, ಬಿಲ್ಡರುಗಳು, ಮತ್ತು ಎಲ್ಲೂ ಜಾಗ ಸಿಗದವರು.

ಇದರಿಂದ ಏನಾಯಿತು ಎಂದು ತಿಳಿಯಲು ಹೊರಗೆ ಹುಡುಕಬೇಕಾಗಿಲ್ಲ. ನಮ್ಮ ಮನೆಯ ಲೆಕ್ಕವೇ ಸಾಕು. ಮೊದಲು ನಾವು ಸ್ಟೇಶನ್ ಹತ್ತಿರದ ಚಾಳಿನಲ್ಲಿದ್ದೆವು. ಬಾಡಿಗೆ ಏರಿತು, ಡಿಪಾಸಿಟ್ ಏರಿತು, ಮಾಲ್ವಣಿ ಕಡೆಗೆ ಖೋಲಿ ಹಿಡಿದೆವು. ಅಪ್ಪ ಫೋರ್ಟಿನ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುವವರು. ಬಾಡಿಗೆಯಲ್ಲಿ ಉಳಿದದ್ದು ಬಸ್ಸಿಗೂ ರಿಕ್ಷಾಕ್ಕೂ ಹೋಗುತ್ತದೆ, ಮೇಲೆ ಬಸ್ಸಿನ ಕ್ಯೂನಲ್ಲಿ ದಿನಾ ಒಂದು ಗಂಟೆ. ಆ ಗಂಟೆಯನ್ನು ಯಾವ ಲೆಡ್ಜರಿನಲ್ಲೂ ಬರೆಯುವುದಿಲ್ಲ. ಅಪ್ಪ ನನ್ನ ತಂಗಿಯ ಜೊತೆ ಮಾತನಾಡುವುದು ಭಾನುವಾರ ಮಾತ್ರ. ಸ್ಟೇಶನ್ನಿನಿಂದ ದೂರ ಹೋದಷ್ಟೂ ಖೋಲಿ ಅಗ್ಗ ಎನ್ನುತ್ತಾರೆ. ಅಗ್ಗವಲ್ಲ ಸ್ವಾಮೀ, ದುಡ್ಡಿನ ಬದಲು ಆಯುಷ್ಯದಲ್ಲಿ ಕೊಡುತ್ತೇವೆ ಅಷ್ಟೆ.

ಲಿಂಕ್ ರೋಡಿನ ಆಚೆ, ಹಿಂದೆ ಊರಿನ ಕಸ ಸುರಿಯುತ್ತಿದ್ದ ಜಾಗದಲ್ಲಿ ದೊಡ್ಡ ದೊಡ್ಡ ಕಚೇರಿಗಳು ಎದ್ದವು. ಕೆಲಸ ಮಲಾಡಿಗೇ ಬಂತಲ್ಲ ಎಂದು ಸಂತೋಷವೇ. ಆದರೆ ಸ್ಟೇಶನ್ನಿನಿಂದ ಅಲ್ಲಿಗೆ ನಡೆದು ಹೋಗುವ ಹಾಗಿಲ್ಲ, ಇರುವ ರಸ್ತೆಯಲ್ಲೇ ಎಲ್ಲ ರಿಕ್ಷಾ ನುಗ್ಗಬೇಕು. ಲಿಂಕ್ ರೋಡಿನ ಮೇಲಿನ ಮೆಟ್ರೋ ಮಲಾಡಿಗೆ ಬಂದದ್ದು 2023ರ ಜನವರಿಯಲ್ಲಿ. ಮೊದಲು ಕಟ್ಟಡ, ಆಮೇಲೆ ಜನ, ಎಲ್ಲದರ ಕೊನೆಗೆ ಗಾಡಿ.

ಹಾಗಾದರೆ ಸ್ಟೇಶನ್ ಪಕ್ಕದಲ್ಲೇ ಎತ್ತರಕ್ಕೆ ಕಟ್ಟಿಬಿಟ್ಟರೆ ಆಯಿತೇ? ಅದೂ ಅಷ್ಟು ಸುಲಭವಲ್ಲ. 1982ರ ಮುಷ್ಕರದ ನಂತರ ಪರೇಲಿನ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ಜಾಗದಲ್ಲಿ ಕಚೇರಿಗಳ ಗೋಪುರಗಳು ಬಂದವು. ಸ್ಟೇಶನ್ ಹತ್ತಿರವೇ ಇತ್ತು. ಆದರೆ ಗಿರಣಿ ಕಾಲದ ಇಕ್ಕಟ್ಟು ಸೇತುವೆ ಹಾಗೇ ಉಳಿಯಿತು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ನಿನ ಆ ಸೇತುವೆಯ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 23 ಮಂದಿ ಸತ್ತರು. ಕೆಲಸಕ್ಕೆ ಹೊರಟವರು. ನೆಲದ ಪುಸ್ತಕ, ಹಳಿಯ ಪುಸ್ತಕ ಬೇರೆ ಬೇರೆ ಇಟ್ಟರೆ ಬಾಕಿ ಕಟ್ಟುವವರು ಇಂಥವರೇ.

ಎರಡನ್ನೂ ಒಂದು ಮಾಡಿದವರು ಜಗತ್ತಿನಲ್ಲಿ ಇದ್ದಾರೆ. ಜಪಾನಿನ ಕೊಬಾಯಾಶಿ ಇಚಿಜೊ (1873-1957) ಒಸಾಕಾ ಬಳಿ 1910ರಲ್ಲಿ ರೈಲು ಓಡಿಸಿದಾಗ ಲೈನಿನ ಪಕ್ಕದಲ್ಲೇ ಮನೆ ಕಟ್ಟಿ ನೌಕರರಿಗೆ ತಿಂಗಳ ಕಂತಿನಲ್ಲಿ ಮಾರಿದರು. ಲೈನಿನ ಹೊರತುದಿಯ ತಕರಜುಕದಲ್ಲಿ 1914ರಲ್ಲಿ ನಾಟಕ ಕಂಪನಿ ಶುರುಮಾಡಿದರು. ಊರೊಳಗಿನ ತುದಿಯ ಸ್ಟೇಶನ್ನಿನಲ್ಲೇ 1929ರಲ್ಲಿ ದೊಡ್ಡ ಅಂಗಡಿ ಇಟ್ಟರು. ಗಾಡಿ ಎರಡೂ ಕಡೆಗೆ ತುಂಬಿ ಓಡಿತು, ನೆಲದ ಲಾಭ ರೈಲಿಗೆ ಬಂತು. ನಮ್ಮಲ್ಲೂ ನವಿ ಮುಂಬಯಿ ಇದೆ. 1970ರಲ್ಲಿ ಹುಟ್ಟಿದ ಸಿಡ್ಕೋ ಜಮೀನು ಮಾರಿದ ಹಣದಿಂದ ಊರು ಕಟ್ಟಿತು. 1992ರಲ್ಲಿ ಮಾನಖುರ್ದದಿಂದ ವಾಶಿಗೆ ರೈಲು ಬಂದಾಗ ಖರ್ಚಿನ ಮೂರರಲ್ಲಿ ಎರಡು ಪಾಲು ಸಿಡ್ಕೋದ್ದೇ. ವಾಶಿ ಸ್ಟೇಶನ್ನಿನ ಮೇಲೆಯೇ ಕಚೇರಿಗಳಿವೆ. ತಡವಾಗಿ ಬಂದರೂ ದಾರಿ ಇದೆ ಎಂದು ಅದು ತೋರಿಸುತ್ತದೆ.

ಇನ್ನು ನಾವೇನು ಮಾಡಬಹುದು? ನಾನಾ ಕೋಟ್ಯಧೀಶರು, ನಾವು ಪಾಸಿನ ದುಡ್ಡಿಗೆ ಅಪ್ಪನ ಮುಖ ನೋಡುವವರು. ಆದರೆ ಸೋನಾಪುರದಲ್ಲಿ ಅವರು ಮಾಡಿದ ಕೆಲಸಕ್ಕೆ ಈಗ ಕಾಯಿದೆಯೇ ಇದೆ. ಮಹಾರಾಷ್ಟ್ರದ 1966ರ ನಗರ ಯೋಜನಾ ಕಾಯಿದೆಯ ಪ್ರಕಾರ ಊರಿನ ವಿಕಾಸ ಯೋಜನೆಯ ಕರಡು ಹೊರಬಂದಾಗ ಯಾವ ನಾಗರಿಕನಾದರೂ ಆಕ್ಷೇಪಣೆ ಬರೆದು ಕೊಡಬಹುದು. 2015ರ ಫೆಬ್ರವರಿಯಲ್ಲಿ ಮುಂಬಯಿಯ 2034ರವರೆಗಿನ ಯೋಜನೆಯ ಕರಡು ಬಂದಾಗ ಜನ ಎಷ್ಟು ಗಲಾಟೆ ಮಾಡಿದರೆಂದರೆ ಏಪ್ರಿಲಿನಲ್ಲಿ ಸರಕಾರ ಅದನ್ನು ರದ್ದು ಮಾಡಿ ಹೊಸದಾಗಿ ಬರೆಸಬೇಕಾಯಿತು. ಕೊನೆಗೆ ಮಂಜೂರಾದದ್ದು 2018ರಲ್ಲಿ. ಆ ಕಾಗದಗಳು ಮರಾಠಿ, ಇಂಗ್ಲಿಷಿನಲ್ಲಿರುತ್ತವೆ. ನಮ್ಮ ಹೋಟೆಲಿನವರು, ಕ್ಯಾಂಟೀನಿನವರು, ರಾತ್ರಿ ಶಾಲೆಯಲ್ಲಿ ಓದಿದವರು ಅದು ತಮ್ಮ ಖೋಲಿಗೂ ತಮ್ಮ ಬಸ್ಸಿಗೂ ಸಂಬಂಧಪಟ್ಟದ್ದು ಎಂದು ತಿಳಿಯದೆ ಸುಮ್ಮನಿರುತ್ತಾರೆ.

ನಮ್ಮ ಸಾಹಿತ್ಯ ಮಂಡಳಿ ಕವಿಗೋಷ್ಠಿ ಮಾಡುತ್ತದೆ, ನಾಟಕ ಆಡುತ್ತದೆ. ಮಾಡಲಿ. ಅದರ ಜೊತೆಗೆ ವರ್ಷಕ್ಕೊಂದು ದಿನ ನಮ್ಮ ವಾರ್ಡಿನ ನಕಾಶೆಯನ್ನು ಗೋಡೆಗೆ ಹಾಕಿ, ಎಲ್ಲಿ ಏನು ಬರಲಿದೆ, ಅಲ್ಲಿಗೆ ಹೋಗುವುದು ಹೇಗೆ ಎಂದು ಕನ್ನಡದಲ್ಲಿ ವಿವರಿಸೋಣ. ಜನರಿಗೆ ಅವರ ಭಾಷೆಯಲ್ಲಿ ತಿಳಿಸಬೇಕು ಎಂದು ಪೆರಿ ಸಾಹೇಬರಿಗೆ ಎದುರು ನಿಂತವರ ಜೀವನವನ್ನು ಓದಿದ ಮೇಲೆ ಇಷ್ಟಾದರೂ ಮಾಡಬೇಕಲ್ಲವೇ? ಮುಂದಿನ ಸಭೆಯಲ್ಲಿ ಈ ಸೂಚನೆಯನ್ನು ನಾನು ಮಂಡಿಸುವವನಿದ್ದೇನೆ. ಅನುಮೋದಿಸುವವರು ದಯವಿಟ್ಟು ಬರಬೇಕು.